ತಿರುವಿನಲ್ಲಿ ಇಳಿದವನು

ಮೌನಪ್ಪಜ್ಜನ ಮಠದಲ್ಲಿ ಪಲ್ಲಕ್ಕಿ ಇರಲಿಲ್ಲ, ಕಾರೂ ಇರಲಿಲ್ಲ. ಎರಡು ಸೈಕಲ್ ಇದ್ದವು.

ಒಂದು ಅಜ್ಜನದು. ಇನ್ನೊಂದು ಜೋಳಿಗೆ ಹೊರುವ ಶಿಷ್ಯನದು. ಶಿಷ್ಯರು ಬರುತ್ತಿದ್ದರು, ಹೋಗುತ್ತಿದ್ದರು. ಸೈಕಲ್ ಮಾತ್ರ ಅದೇ.

ಮಠ ಇದ್ದದ್ದು ಕಾಲುವೆಯ ದಂಡೆಯ ಮೇಲೆ. ದಂಡೆಗುಂಟ ಒಂದು ಮಣ್ಣಿನ ದಾರಿ. ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ. ಏರೂ ಇಲ್ಲ, ಇಳಿಜಾರೂ ಇಲ್ಲ. ಅಜ್ಜ ದಿನಾ ಬೆಳಿಗ್ಗೆ ಆ ದಾರಿ ಹಿಡಿದು ಊರಿಗೆ ಭಿಕ್ಷೆಗೆ ಹೋಗಿಬರುತ್ತಿದ್ದರು.

ಮಹಿಮೆ ಹುಡುಕಿಕೊಂಡು ಬಂದವರಿಗೆ ಈ ಹಳೇ ಸೈಕಲ್ ನೋಡಿ ನಿರಾಸೆಯಾಗುತ್ತಿತ್ತು. ಅಂಥವರು ಮಜ್ಜಿಗೆ ಕುಡಿದು ವಾಪಸು ಹೋಗುತ್ತಿದ್ದರು.

ದೀಪಾವಳಿ ಮುಗಿದ ವಾರ ಅಮರೇಶ ಎಂಬವನು ಬಂದ. ಮೂವತ್ತೈದರ ಆಳು. ಬೇರೆಯವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದವನು ಕೀಲಿಕೈ ಒಪ್ಪಿಸಿ ಬಂದಿದ್ದ.

"ಯಾಕ ಬಂದಿ ತಮ್ಮಾ?" ಅಂದರು ಅಜ್ಜ.

"ನಿದ್ದಿ ಬರವಲ್ದ್ರಿ ಅಜ್ಜಾರ. ಮನಸಿಗೆ ನೆಮ್ಮದಿ ಇಲ್ಲ. ದೀಕ್ಷಾ ಕೊಡ್ರಿ, ನಿಮ್ಮ ಕಾಲಾಗ ಬಿದ್ದಿರ್ತೀನಿ."

"ಕಾಲಾಗ ಬಿದ್ರ ನಾ ಎಡವತೀನಿ. ಸೈಕಲ್ ಹೊಡಿಯಾಕ ಬರ್ತೈತೇನು?"

"ಬರ್ತೈತ್ರಿ."

"ಹಂಗಾದ್ರ ಜೋಳಿಗಿ ತಗೋ."

ಹೊರಡುವ ಮೊದಲು ಅಜ್ಜ ಕಟ್ಟಳೆ ಹೇಳಿದರು. ಮೆಲ್ಲಗೆ ಹೋಗಬೇಕು. ಜೀವ ಹೋದ ಜಾಗ ಬಂದರೆ ಸೈಕಲ್ಲಿನಿಂದ ಇಳಿಯಬೇಕು, ಹತ್ತು ಹೆಜ್ಜೆ ನಡೆದು ಮತ್ತೆ ಹತ್ತಬೇಕು.

"ಅದು ಗೊತ್ತೈತ್ರಿ," ಅಂದ ಅಮರೇಶ. "ಸಣ್ಣಾವಿದ್ದಾಗ ನಮ್ಮವ್ವ ಕಿವಿ ಹಿಂಡಿ ಕಲಿಸ್ಯಾಳ."

ದಾರಿ ಸಿಕ್ಕಿದ್ದೇ ತಡ, ಅವನು ಬೆನ್ನು ಬಗ್ಗಿಸಿ ತುಳಿಯತೊಡಗಿದ. ದಂಡೆಯ ಮೇಲೆ ಕೂತಿದ್ದ ಬೆಳ್ಳಕ್ಕಿಗಳು ಎದ್ದು ಹಾರಿದವು.

"ತಮ್ಮಾ," ಹಿಂದಿನಿಂದ ಅಜ್ಜ ಕೂಗಿದರು. "ಬೆಳ್ಳಕ್ಕಿ ಎದ್ದಾವು ನೋಡು. ಅವು ಏಳದಂಗ ಹೋಗು."

"ಅಷ್ಟು ಮೆಲ್ಲಕ ಹೋದ್ರ ಬೀಳ್ತೀನಲ್ರಿ?"

"ಬೀಳು. ಎದ್ದು ಮತ್ತ ಹತ್ತು."

ಅಮರೇಶ ಎರಡು ಸಲ ಬಿದ್ದ. ಮೂರನೆಯ ಸಲ ಹದ ಸಿಕ್ಕಿತು. ಬೆಳ್ಳಕ್ಕಿಗಳು ಕತ್ತು ತಿರುಗಿಸಿ ನೋಡಿ ಸುಮ್ಮನಾದವು.

ಒಂದು ಮೈಲಿ ಹೋದ ಮೇಲೆ ಕಾಲುವೆ ಬಲಕ್ಕೆ ಹೊರಳುತ್ತದೆ. ಆ ತಿರುವಿನಲ್ಲಿ ಒಂದು ಜಾಲಿಮರ.

ಅಲ್ಲಿ ಅಮರೇಶ ಇಳಿದ. ಹತ್ತು ಹೆಜ್ಜೆ ನಡೆದ. ಮತ್ತೆ ಹತ್ತಿದ. ಇಷ್ಟೂ ಅವನ ಕಾಲು ತಾನೇ ಮಾಡಿದ ಕೆಲಸ. ಇಳಿದದ್ದು, ಹತ್ತಿದ್ದು ಅವನ ಗಮನಕ್ಕೇ ಬರಲಿಲ್ಲ.

ಹಿಂದೆ ಬರುತ್ತಿದ್ದ ಅಜ್ಜನೂ ಇಳಿದರು. ಸುತ್ತ ನೋಡಿದರು. ಆ ತಿರುವಿನಲ್ಲಿ ಯಾರೋ ಸತ್ತರೆಂದು ಆ ಸೀಮೆಯಲ್ಲಿ ಯಾರೂ ಹೇಳಿದ್ದಿಲ್ಲ. ಸತ್ತವರ ನೆನಪಿಗೆ ನಿಲ್ಲಿಸುವ ಕಲ್ಲು ಅಲ್ಲಿರಲಿಲ್ಲ, ದೀಪವಿರಲಿಲ್ಲ.

ಅಜ್ಜ ಹತ್ತು ಹೆಜ್ಜೆ ನಡೆದು ಸೈಕಲ್ ಹತ್ತಿದರು.

ಇನ್ನೂ ಒಂದು ಮೈಲಿ ಆದ ಮೇಲೆ ಕಾಲುವೆಯ ತೂಬಿನ ಪಕ್ಕ ಒಂದು ಕಲ್ಲು ನಿಂತಿತ್ತು. ಕಲ್ಲಿಗೆ ಅರಿಸಿನ ಹಚ್ಚಿದ್ದರು, ಮುಂದೆ ಎಣ್ಣೆಯ ಹಣತೆ ಇತ್ತು. ಅಮರೇಶ ಅದನ್ನು ದಾಟಿಕೊಂಡು ಮುಂದೆ ಹೋದ.

"ನಿಂದ್ರು ತಮ್ಮಾ. ಇಲ್ಲಿ ಇಳೀಬೇಕು."

"ಇಲ್ಲಿ ಏನಾತ್ರಿ?"

"ಶ್ರಾವಣದಾಗ ಇಲ್ಲಿ ಒಬ್ಬ ಹುಡುಗನ ಹೆಣ ಸಿಕ್ತು, ತೂಬಿಗೆ ಬಡಕೊಂಡು. ಯಂಕೋಬ ಅಂತ. ಈ ಮುಂದಿನ ಊರಾವ. ತಾಯಿಗೆ ಒಬ್ಬನ ಮಗ."

ಅಮರೇಶ ಇಳಿದು ಕಲ್ಲಿನ ಹತ್ತಿರ ಬಂದ.

"ಹೆಂಗ ಸತ್ನಂತ್ರಿ?"

"ತಾಯಿ ಬೈದಳಂತ ಕಾಲುವಿಗೆ ಹಾರಿದ ಅಂತಾರ. ಅವತ್ತು ಆಕಿಗೆ ಜ್ವರ. ರಾತ್ರಿ ಉಳಿದ ರೊಟ್ಟಿ ಇಟ್ಟಳು. ಇವ ಬಿಸಿ ರೊಟ್ಟಿ ಬೇಕಂದ. ಆಕಿಗೆ ಸಿಟ್ಟು ಬಂತು, 'ಹೋಗಿ ಕಾಲುವ್ಯಾಗ ಬೀಳು' ಅಂದ್ಲು. ಉಣ್ಣಲಿಲ್ಲ, ಸೈಕಲ್ ಹತ್ತಿ ಹೋದ. ಮೂರು ದಿನಕ್ಕ ಹೆಣ ತೇಲಿತು. ಸೈಕಲ್ ಸಿಗಲಿಲ್ಲ."

"ತಾಯಿ?"

"ನನ್ನ ನಾಲಿಗಿ ನನ್ನ ಮಗನ್ನ ತಿಂತು ಅಂದ್ಲು. ಅದ ಕಡೀ ಮಾತು. ಅವತ್ತಿನಿಂದ ಆಕಿ ಯಾರ ಕೂಡಾನೂ ಮಾತಾಡಿಲ್ಲ."

ಅಮರೇಶ ಕಲ್ಲನ್ನೇ ನೋಡುತ್ತ ನಿಂತ. ಸತ್ತವನ ಹೆಸರು ಯಂಕೋಬ ಎಂದು ಅವನಿಗೆ ಗೊತ್ತಾದದ್ದು ಆ ಹೊತ್ತಿಗೆ.

ಯಂಕೋಬ ಹಾರಿರಲಿಲ್ಲ. ಶ್ರಾವಣದ ಆ ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲಿ ಅಮರೇಶ ಟ್ರ್ಯಾಕ್ಟರ್ ಹೊಡೆದುಕೊಂಡು ಬರುತ್ತಿದ್ದ. ಜಾಲಿಮರದ ತಿರುವಿನಲ್ಲಿ ಟ್ರಾಲಿಯ ಹಿಂಭಾಗ ಸೈಕಲ್ಲಿಗೆ ಬಡಿಯಿತು. ಒಂದು ಕೂಗು ಕೇಳಿಸಿತು. ತಿರುಗಿ ನೋಡಿದಾಗ ದಂಡೆಯ ಮೇಲೆ ಯಾರೂ ಇರಲಿಲ್ಲ, ಕಾಲುವೆ ತುಂಬಿ ಹರಿಯುತ್ತಿತ್ತು. ಅವನು ಟ್ರ್ಯಾಕ್ಟರ್ ನಿಲ್ಲಿಸಲಿಲ್ಲ.

ಯಾರೂ ನೋಡಿರಲಿಲ್ಲ. ಯಾರೂ ಹುಡುಕಿಕೊಂಡು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಅವನಿಗೆ ಈಗ ತಿಳಿಯಿತು. ಅವನ ತಪ್ಪನ್ನು ಒಬ್ಬ ಹೆಂಗಸು ತನ್ನದೆಂದು ಹೊತ್ತುಕೊಂಡಿದ್ದಳು.

"ಹೋಗೋಣು ನಡಿ," ಅಂದರು ಅಜ್ಜ. "ಮೊದಲ ಭಿಕ್ಷಾ ಆಕಿ ಮನಿಯಾಗ."

ಆಕೆಯ ಹೆಸರು ಹಂಪಮ್ಮ. ಊರ ಬಾಯಿಗೇ ಅವಳ ಮನೆ. ಜೋಳಿಗೆಯವರು ಬಂದರೆ ಆ ಸೀಮೆಯಲ್ಲಿ ಮೊದಲು ಕಾಲಿಗೆ ನೀರು ಕೊಡುತ್ತಾರೆ. ಹಂಪಮ್ಮ ಚೊಂಬಿನಿಂದ ನೀರು ಹನಿಸಿದಳು, ಅಮರೇಶ ಕಾಲು ತೊಳೆದುಕೊಂಡ. ಆಮೇಲೆ ಅವಳು ಒಳಗೆ ಹೋಗಿ ಒಂದು ರೊಟ್ಟಿ ತಂದು ಜೋಳಿಗೆಗೆ ಹಾಕಿದಳು.

ರೊಟ್ಟಿ ಬಿಸಿ ಇತ್ತು. ಬಟ್ಟೆ ದಾಟಿ ಅವನ ಸೊಂಟಕ್ಕೆ ಅದರ ಬಿಸಿ ತಾಗಿತು.

ದಿನಾ ಹಾಗೇ. ಹಂಪಮ್ಮ ಹೆಂಚಿನಿಂದ ಇಳಿಸಿದ ಮೊದಲ ರೊಟ್ಟಿ ಜೋಳಿಗೆಗೆ. ಅವಳು ಮಾತ್ರ ಹಿಂದಿನ ದಿನದ ತಂಗಳು ರೊಟ್ಟಿಯನ್ನೇ ನೀರಲ್ಲಿ ನೆನೆಸಿ ತಿನ್ನುತ್ತಾಳೆಂದು ಪಕ್ಕದ ಮನೆಯವರು ಹೇಳಿದರು.

ಅಮರೇಶನಿಗೆ ಹೇಳಬೇಕೆನಿಸಿತು. ಮೊದಲ ವಾರವೇ ಎನಿಸಿತು. ಬಾಯಿ ತೆರೆದ, "ಯವ್ವಾ" ಅಂದ. ಹಂಪಮ್ಮ ತಲೆಯೆತ್ತಿ ನೋಡಿದಳು. "ಉಪ್ಪಿನಕಾಯಿ ಇದ್ರ ಹಾಕ್ರಿ" ಅಂದುಬಿಟ್ಟ. ಅವಳು ಹಾಕಿದಳು.

ಅವತ್ತಿನಿಂದ ಅವನು ಬೇರೆ ದಾರಿ ಹಿಡಿದ. ಅವಳಿಗೆ ಕಟ್ಟಿಗೆ ಒಡೆದುಕೊಟ್ಟ. ಸೋರುವ ಮಾಳಿಗೆಗೆ ಮಣ್ಣು ಹೊತ್ತು ಹಾಕಿದ. ಹಬ್ಬದಲ್ಲಿ ಗೋಡೆಗೆ ಸುಣ್ಣ ಬಳಿದ. ಊರವರು ಹೊಗಳಿದರು, ಸ್ವಂತ ಮಗನೂ ಇಷ್ಟು ಮಾಡುವುದಿಲ್ಲ ಅಂದರು. ಅಮರೇಶ ತಲೆ ತಗ್ಗಿಸಿ ನಿಂತ. ಜನ ಅದನ್ನು ವಿನಯ ಎಂದುಕೊಂಡರು.

ಹೊಟ್ಟೆ ಉರಿಯುವ ಸಂಗತಿ ಅಂದರೆ, ಅವನಿಗೆ ನಿದ್ದೆ ಬರತೊಡಗಿತು.

ಆ ದಾರಿಯೇ ಹಾಗಿತ್ತು. ಬೆಳಗಿನ ಎಳೆಬಿಸಿಲು, ನಾಟಿಯ ಹಸಿರು, ಚೈನಿನ ಸಣ್ಣ ಸದ್ದು. ಕಾಲು ತುಳಿಯುತ್ತಿದ್ದರೆ ಮನಸ್ಸು ಖಾಲಿಯಾಗುತ್ತಿತ್ತು. ಬೆಳ್ಳಕ್ಕಿಗಳು ಈಗ ಅವನನ್ನು ಕಂಡು ಅಲುಗಾಡುತ್ತಲೂ ಇರಲಿಲ್ಲ. ತಿರುವಿನಲ್ಲಿ ಇಳಿಯುತ್ತಿದ್ದ, ಕಲ್ಲಿನ ಹತ್ತಿರ ಇಳಿಯುತ್ತಿದ್ದ, ಮತ್ತೆ ಹತ್ತುತ್ತಿದ್ದ. ಅಜ್ಜ ಎರಡೂ ಕಡೆ ಅವನ ಜೊತೆ ಇಳಿಯುತ್ತಿದ್ದರು.

ಚೈತ್ರದಲ್ಲಿ ಅವನು ಅಜ್ಜನ ಮುಂದೆ ಕೂತ.

"ಅಜ್ಜಾರ, ನೆಮ್ಮದಿ ಸಿಕ್ಕೈತ್ರಿ. ಕಣ್ಮುಚ್ಚಿದ್ರ ನಿದ್ದಿ ಬರ್ತೈತಿ. ಇನ್ನ ದೀಕ್ಷಾ ಕೊಡ್ರಿ."

"ಹಂಪಮ್ಮಗ ನಿದ್ದಿ ಬರ್ತೈತೇನು?"

"ನನಗ ಹೆಂಗ ಗೊತ್ತಾಗಬೇಕ್ರಿ?"

"ದಿನಾ ಆಕಿ ರೊಟ್ಟಿ ತಿಂತೀಯಲ್ಲ, ಕೇಳು."

"ಆಕಿ ಮಾತಾಡಂಗಿಲ್ಲಲ್ರಿ."

"ನೀ ಮಾತಾಡ್ತೀಯಲ್ಲ," ಅಂದು ಅಜ್ಜ ಸೈಕಲ್ ಒರೆಸಲು ಎದ್ದರು.

ಅಮರೇಶ ಆ ದಿನವೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಸಿಕ್ಕಿದ ನಿದ್ದೆಯನ್ನು ಬಿಟ್ಟುಕೊಡುವುದು ಅವನಿಗೆ ಕಷ್ಟವಾಗಿತ್ತು.

ಹತ್ತು ದಿನದ ಮೇಲೆ ಕಾಲುವೆಗೆ ನೀರು ಬಿಡುವುದನ್ನು ನಿಲ್ಲಿಸಿದರು. ಬೇಸಿಗೆಯಲ್ಲಿ ಅದು ಪ್ರತಿ ವರ್ಷ ನಡೆಯುವುದೇ. ಎರಡು ದಿನದಲ್ಲಿ ನೀರು ಇಳಿದು ತಳದ ಕೆಸರು ಕಂಡಿತು.

ಬೆಳಿಗ್ಗೆ ತಿರುವಿನಲ್ಲಿ ಇಳಿದಾಗ ಅಮರೇಶ ಕಾಲುವೆಯ ಕಡೆ ನೋಡಿದ. ಕೆಸರಿನಿಂದ ಒಂದು ಸೈಕಲ್ಲಿನ ಹ್ಯಾಂಡಲ್ ಮೇಲೆದ್ದಿತ್ತು. ಗಂಟೆ ಇನ್ನೂ ಅದಕ್ಕೆ ಅಂಟಿಕೊಂಡಿತ್ತು. ಹಿಂದೆ ಚಕ್ರದ ಅರ್ಧ ಕಾಣುತ್ತಿತ್ತು, ಹಪ್ಪಳದ ಹಾಗೆ ಮಡಚಿಕೊಂಡಿತ್ತು.

ನೀರಿಗೆ ಹಾರಿದವನ ಚಕ್ರ ಹಾಗೆ ಮಡಚುವುದಿಲ್ಲ. ನೋಡಿದ ಯಾರಿಗಾದರೂ ಅದು ತಿಳಿಯುತ್ತಿತ್ತು.

ಅಜ್ಜ ಇನ್ನೂ ಹಿಂದಿದ್ದರು. ಅಮರೇಶ ದಂಡೆ ಇಳಿದು ಓಡಿದ. ಮೊಣಕಾಲುಮಟ್ಟ ಕೆಸರಲ್ಲಿ ನಿಂತು ಎರಡೂ ಕಾಲಿನಿಂದ ಹ್ಯಾಂಡಲ್ಲನ್ನು ಒಳಕ್ಕೆ ತುಳಿದ. ಮೊದಲನೆಯ ತುಳಿತಕ್ಕೆ ಗಂಟೆ ಟಿಣ್ ಅಂದಿತು. ಮೂರನೆಯದಕ್ಕೆ ಕೆಸರು ಮುಚ್ಚಿಕೊಂಡಿತು. ಚಕ್ರದ ಮೇಲೂ ಕೆಸರು ಎಳೆದ.

ಮೇಲೆ ಹತ್ತಿ ಬಂದಾಗ ಅಜ್ಜ ಜಾಲಿಮರದ ಕೆಳಗೆ ಸೈಕಲ್ ಹಿಡಿದು ನಿಂತಿದ್ದರು.

"ಕಾಲು ಜಾರಿತ್ರಿ," ಅಂದ ಅಮರೇಶ.

ಅಜ್ಜ ಅವನ ಕಾಲು ನೋಡಿದರು.

"ತೊಳಕೊಳ್ಳಾಕ ನೀರಿಲ್ಲ ಇಲ್ಲಿ," ಅಂದರು. "ಹಂಗ ನಡಿ."

ದಾರಿಯುದ್ದಕ್ಕೂ ಬಿಸಿಲಿಗೆ ಅಮರೇಶನ ಕಾಲಿನ ಕೆಸರು ಒಣಗಿ ಬಿಗಿಯಿತು.

ಹಂಪಮ್ಮ ಚೊಂಬು ಹಿಡಿದು ಹೊರಗೆ ಬಂದಳು. ನೀರು ಹನಿಸಿದಳು. ಒಣಗಿದ ಕೆಸರು ಬಿಡಲಿಲ್ಲ. ಅಮರೇಶ ಬಗ್ಗುವ ಮೊದಲೇ ಅವಳು ಚೊಂಬು ಕೆಳಗಿಟ್ಟು, ಕುಕ್ಕರಗಾಲಲ್ಲಿ ಕೂತು, ಅವನ ಬಲಗಾಲು ಹಿಡಿದು ಉಜ್ಜತೊಡಗಿದಳು.

"ಬ್ಯಾಡ್ರಿ ಯವ್ವಾ," ಅಂದ.

ಅವಳು ಉಜ್ಜಿದಳು. ಮಗನನ್ನು ನುಂಗಿದ ಕಾಲುವೆಯ ಕೆಸರು, ಮಗನ ಸೈಕಲ್ಲನ್ನು ಮುಚ್ಚಿದ ಕೆಸರು ಅವಳ ಬೆರಳಿಗೆ ಅಂಟಿತು. ಅವಳು ನೀರು ಹಾಕಿಕೊಂಡು ಮತ್ತೆ ಉಜ್ಜಿದಳು. ಬೆರಳ ಸಂದಿಯನ್ನೂ ಬಿಡಲಿಲ್ಲ, ಮಗುವಿಗೆ ತೊಳೆದ ಹಾಗೆ ತೊಳೆದಳು.

ಅಮರೇಶ ಅಜ್ಜನ ಕಡೆ ನೋಡಿದ. ಅಜ್ಜ ಅವನನ್ನೇ ನೋಡುತ್ತಿದ್ದರು. ಸಹಾಯಕ್ಕೆ ಬರುವ ನೋಟವಲ್ಲ ಅದು.

"ನಿಮ್ಮ ಮಗ ಹಾರಲಿಲ್ರಿ ಯವ್ವಾ," ಅಂದ ಅಮರೇಶ.

ಅವಳ ಕೈ ನಿಂತಿತು.

"ನಾ ಕೆಡವಿದೆ. ಟ್ರ್ಯಾಕ್ಟರ್ ಬಡಿಸಿದೆ. ನಿಮ್ಮ ಮಾತಿನಿಂದ ಸಾಯಲಿಲ್ಲ ಅವ. ನಾ ಕೊಂದೆ, ನಿಂದರಲಿಲ್ಲ."

ಹಂಪಮ್ಮ ತಲೆ ಎತ್ತಲಿಲ್ಲ. ಅವಳ ಕೈ ಅವನ ಪಾದದ ಮೇಲೇ ಇತ್ತು. ಅವಳ ಗಂಟಲಿನಿಂದ ಸದ್ದು ಬಂತು. ತಿಂಗಳುಗಟ್ಟಲೆ ಬಳಸದ ಗಂಟಲು, ಮಾತು ಒಡೆದು ಬಂತು.

"ಎಲ್ಲಿ?"

"ಜಾಲಿಗಿಡದ ತಿರುವಿನ್ಯಾಗ್ರಿ."

"ಒದರಿದ್ನೇನು?"

ಅಮರೇಶ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಯವ್ವಾ ಅಂದ್ರಿ."

ಹಂಪಮ್ಮ ಕಣ್ಣು ಮುಚ್ಚಿದಳು. ಆಮೇಲೆ ಅವನ ಎಡಗಾಲು ಎಳೆದುಕೊಂಡಳು. ಅದನ್ನೂ ಉಜ್ಜಿದಳು, ಅಷ್ಟೇ ಶುಚಿಯಾಗಿ. ಚೊಂಬಿನಲ್ಲಿ ಉಳಿದ ನೀರನ್ನೆಲ್ಲ ಸುರಿದು ಎದ್ದಳು.

ಆಗ ಮೌನಪ್ಪಜ್ಜ ಮುಂದೆ ಬಂದರು. ಎಂಬತ್ತರ ಹತ್ತಿರದ ಆ ಮನುಷ್ಯ ಅವಳ ಮುಂದೆ ನೆಲಕ್ಕೆ ಕೈಯೂರಿ ಮಂಡಿಯೂರಿದರು.

"ನನಗ ಮೊದಲನೇ ದಿನಾನ ಗೊತ್ತಾಗಿತ್ತು ತಾಯಿ. ಕಲ್ಲಿಲ್ಲದ ಕಡೆ ಇಳಿದ. ಕಲ್ಲಿದ್ದ ಕಡೆ ಇಳೀಲಿಲ್ಲ. ತಾನಾಗಿ ಬಾಯಿ ಬಿಡಲಿ, ಇವ ಉಳೀಲಿ ಅಂತ ಕಾದೆ. ನೀ ಸುಡಾಕತ್ತಿದ್ದಿ, ನಾ ಇವನ್ನ ಹಣ್ಣು ಮಾಡಾಕ ಕುಂತಿದ್ದೆ. ತಪ್ಪಾತು."

ಅಮರೇಶ ಅಜ್ಜನನ್ನು ನೋಡಿದ. ತಿರುವಿನಲ್ಲಿ ಅಜ್ಜ ದಿನಾ ತನ್ನ ಜೊತೆ ಇಳಿದದ್ದೆಲ್ಲ ಅವನಿಗೆ ನೆನಪಾಯಿತು.

ಹಂಪಮ್ಮ ಇಬ್ಬರನ್ನೂ ನೋಡಿದಳು.

"ಇಬ್ಬರಿಗೂ ಬಿಸಿ ರೊಟ್ಟಿ ಮಾಡಿ ಹಾಕಿದೆ," ಅಂದಳು. "ನಾಳಿಂದ ನನ್ನ ಬಾಗಿಲಿಗೆ ಬರಬ್ಯಾಡ್ರಿ."

ಹಾಗೆ ಅಂದು ಸೆರಗು ಬಿಗಿದು ದಾರಿಗೆ ಇಳಿದಳು. ಕಾಲುವೆಯ ದಾರಿಗೆ.

ಇಬ್ಬರೂ ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡು ಅವಳ ಹಿಂದೆ ನಡೆದರು. ಅವಳು ವೇಗವಾಗಿ ನಡೆಯುತ್ತಿದ್ದಳು. ಬೆಳ್ಳಕ್ಕಿಗಳು ಎದ್ದು ಹಾರಿದವು.

ಅಮರೇಶ ತಡೆಯಲಾರದೆ ಕೇಳಿದ.

"ಅಜ್ಜಾರ, ಎಲ್ಲಾ ಕೇಳಿದ ಮ್ಯಾಲೂ ಎಡಗಾಲು ತೊಳೆದ್ಲಲ್ರಿ. ಕ್ಷಮಾ ಮಾಡಿದ್ಲೇನ್ರಿ?"

"ಹಿಡಿದ ಕೆಲಸ ಅರ್ಧಕ್ಕ ಬಿಡೋ ಹೆಣ್ಣುಮಗಳಲ್ಲ ಆಕಿ. ಅಷ್ಟ. ಅದನ್ನ ನೀ ಕ್ಷಮಾ ಅಂತ ಗಂಟು ಕಟ್ಟಿಕೋಬ್ಯಾಡ."

"ಮತ್ತ ನಾ ಏನು ಮಾಡಲ್ರಿ?"

"ಪೊಲೀಸ್ ಠಾಣಾ ಮಠ ದಾಟಿದ ಮ್ಯಾಲೆ ನಾಕು ಮೈಲಿ. ಹಾದಿ ನಿನಗ ಗೊತ್ತೈತಿ."

"ನೀವು ಬರಂಗಿಲ್ಲೇನ್ರಿ?"

"ನನಗ ಇಲ್ಲಿ ಕೆಲಸ ಐತಿ."

ತೂಬಿನ ಹತ್ತಿರ ಕಲ್ಲು ಬಂತು. ಆ ಕಲ್ಲನ್ನು ನಿಲ್ಲಿಸಿದವಳು ಹಂಪಮ್ಮನೇ. ಅದಕ್ಕೆ ಅರಿಸಿನ ಹಚ್ಚುತ್ತಿದ್ದವಳೂ, ಹಣತೆಗೆ ದಿನಾ ಎಣ್ಣೆ ಎರೆಯುತ್ತಿದ್ದವಳೂ ಅವಳೇ. ಈಗ ಅದರ ಕಡೆ ತಿರುಗಿಯೂ ನೋಡದೆ ಮುಂದೆ ಹೋದಳು.

ತಿರುವಿನಲ್ಲಿ ಅವಳು ನಿಂತಳು. ಅಮರೇಶ ಕೆಸರಿನ ಕಡೆ ಕೈ ತೋರಿಸಿ, "ಸೈಕಲ್ ಅಲ್ಲೈತ್ರಿ" ಅಂದ.

ಹಂಪಮ್ಮ ದಂಡೆ ಇಳಿದಳು. ಕೆಸರಲ್ಲಿ ಮಂಡಿಯೂರಿ ಎರಡೂ ಕೈಯಿಂದ ಬಗೆಯತೊಡಗಿದಳು. ಮೊದಲು ಗಂಟೆ ಸಿಕ್ಕಿತು. ಅದನ್ನು ಸೆರಗಿನಿಂದ ಒರೆಸಿದಳು. ಆಗ ಅವಳಿಗೆ ಅಳು ಬಂತು. ಶ್ರಾವಣದಿಂದ ಕಟ್ಟಿಕೊಂಡಿದ್ದ ಅಳು ಅದು, ಗದ್ದೆಯಲ್ಲಿ ಕೊಯ್ಲು ಮಾಡುತ್ತಿದ್ದವರೂ ಕುಡುಗೋಲು ನಿಲ್ಲಿಸಿ ಈ ಕಡೆ ನೋಡಿದರು.

ಮೌನಪ್ಪಜ್ಜ ಸೈಕಲ್ಲನ್ನು ಜಾಲಿಮರಕ್ಕೆ ಒರಗಿಸಿದರು. ಅಮರೇಶನ ಹೆಗಲಿನಿಂದ ಜೋಳಿಗೆ ತೆಗೆದು ಕೊಂಬೆಗೆ ಸಿಕ್ಕಿಸಿದರು. ಆಮೇಲೆ ತಾವೂ ಇಳಿದು ಅವಳಿಂದ ಮಾರು ದೂರದಲ್ಲಿ ಕೆಸರು ಬಗೆಯತೊಡಗಿದರು. ಅವಳು ಬೇಡ ಅನ್ನಲಿಲ್ಲ, ಬಾ ಅನ್ನಲಿಲ್ಲ.

ಅಮರೇಶ ದಂಡೆಯ ಮೇಲೆ ಒಬ್ಬನೇ ಉಳಿದ. ಈಗಷ್ಟೇ ತೊಳೆದ ತನ್ನ ಕಾಲು ನೋಡಿಕೊಂಡ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಇಳಿಯಲು ಒಂದು ಹೆಜ್ಜೆ ಇಟ್ಟ.

"ಅಜ್ಜಾರ, ನಾನೂ ಕೈ ಹಚ್ಚತೀನ್ರಿ. ಇದನ್ನ ಎತ್ತಿಕೊಟ್ಟು ಹೋಗ್ತೀನಿ. ಒಂದೀಟು ನಿಂದರ್ತೀನ್ರಿ."

ಅಜ್ಜ ಕೆಸರಿನಿಂದ ತಲೆಯೆತ್ತಿದರು.

"ಅವತ್ತು ನಿಂದರಬೇಕಿತ್ತು ತಮ್ಮಾ, ನಿಂದರಲಿಲ್ಲ. ಇವತ್ತು ನಿಂದರಬ್ಯಾಡ, ಹೋಗು."